ವಂಶಾವಳಿ ಯಾರಿಗೆ ಇತ್ತು?

ಕಿತ್ತೂರ ದೇಸಾಯರ ಮನೆತನ ಕೇಳಿದರೆ 1585ರಿಂದ ಹೇಳುತ್ತಾರೆ. ವಿಜಾಪುರದ ದಂಡಿನ ಜೊತೆ ಸಾಗರದ ಕಡೆಯಿಂದ ಬಂದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು ಸಂಪಗಾಂವಿಯಲ್ಲಿ ನೆಲೆ ನಿಂತರು. ಅಲ್ಲಿಂದ ಎಳೆ ಹಿಡಿದು ಮಲ್ಲಸರ್ಜನವರೆಗೆ ಬರಬಹುದು. ಅವನು 1816ರಲ್ಲಿ ತೀರಿಕೊಂಡ. ಮಗ ಶಿವಲಿಂಗರುದ್ರಸರ್ಜ 1824ರಲ್ಲಿ ಮಕ್ಕಳಿಲ್ಲದೆ ಸತ್ತ. ಮಾಸ್ತಮರಡಿ ಗೌಡರ ಹುಡುಗ ಶಿವಲಿಂಗಪ್ಪನನ್ನು ದತ್ತಕ ತಗೊಂಡರು. ಧಾರವಾಡದ ಕಲೆಕ್ಟರ ಥ್ಯಾಕರೆ ಅದನ್ನು ಒಪ್ಪಲಿಲ್ಲ.

ಅಂದರೆ, ಕಂಪನಿ ಕೇಳಿದ್ದು ವಂಶದ ಪ್ರಶ್ನೆ. ಕಣ್ಣಿಟ್ಟದ್ದು ರಾಜ್ಯದ ಮೇಲೆ. ಆ ಅಕ್ಟೋಬರದಲ್ಲಿ ಥ್ಯಾಕರೆ ಬಿದ್ದ. ಡಿಸೆಂಬರದಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ಕಣ್ಣು ಮುಚ್ಚಿದಳು. ನರಗುಂದದ ಬಾಬಾಸಾಹೇಬನಿಗೂ ದತ್ತಕ ನಿರಾಕರಿಸಿದರು. ಬಂಡೆದ್ದ ಅವನನ್ನು 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅದೇ ಭಾವೆ ಮನೆತನದ ರಾಮದುರ್ಗದ ಸಂಸ್ಥಾನ ಮಾತ್ರ 1948ರವರೆಗೆ ಉಳಿಯಿತು.

ಈಗ ಇನ್ನೊಂದು ಬದಿ ನೋಡೋಣ. ಆ ದತ್ತಕದ ಹುಡುಗನನ್ನು ಗದ್ದುಗೆಗೆ ಕೂರಿಸಲು ಹೊರಟವನು ಸಂಗೊಳ್ಳಿ ರಾಯಣ್ಣ. ಅವನು ದೇಸಾಯಿ ಅಲ್ಲ, ಶೇತಸನದಿ. ಊರ ಕಾವಲಿಗೆ ಬದಲಾಗಿ ಹೊಲ ಉಂಡವನು. 1831ರಲ್ಲಿ ನಂದಗಡದಲ್ಲಿ ಅವನಿಗೆ ಗಲ್ಲಾಯಿತು. ಪರರ ವಂಶ ಉಳಿಸಲು ಹೋಗಿ ಪ್ರಾಣ ಕೊಟ್ಟ. ಅವನ ಜೊತೆ ಬಿದ್ದವರ ಅಪ್ಪ ಯಾರು, ಅಜ್ಜ ಯಾರು? ಎಷ್ಟು ಮಂದಿಯ ಹೆಸರು ಬರೆದಿಟ್ಟಿದ್ದಾರೆ?

ನಮ್ಮ ಕಡೆ ವಂಶ ಹೇಳುವವರು ಹೆಳವರು. ಎತ್ತು ಹೊಡಕೊಂಡು, ಗಂಟೆ ಬಾರಿಸುತ್ತ ಬಂದು ಏಳೆಂಟು ತಲೆಮಾರು ಒಂದೇ ಉಸಿರಿಗೆ ಹೇಳುತ್ತಾರೆ. ಹೇಳಿದ್ದಕ್ಕೆ ಕಾಳು, ಬಟ್ಟೆ, ದನ ಪಡೆಯುತ್ತಾರೆ. ಅವರದು ತಪ್ಪಲ್ಲ, ಅದು ಅವರ ಹೊಟ್ಟೆಪಾಡು. ಆದರೆ ಕಣಜ ಇದ್ದ ಮನೆಗೆ ನೆನಪೂ ದಕ್ಕಿತು. ಕಣಜವೇ ಇಲ್ಲದವನ ಅಜ್ಜನನ್ನು ಯಾರು ನೆನೆಯಬೇಕು?

ಗಂಡು ಸಂತಾನ ಇಲ್ಲದಾಗ ದೇಸಾಯಿ ದತ್ತಕ ತಗೊಂಡ. ಹೊಲಗೇರಿ, ಮಾದಿಗರ ಕೇರಿಯಲ್ಲಿ ಏನು ಮಾಡಿದರು? ಮಗಳಿಗೆ ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿದರು. ಅವಳೇ ಮನೆಯ ಮಗ ಆದಳು, ಹೆತ್ತವರನ್ನು ಸಾಕಿದಳು. ಅವಳ ಮಕ್ಕಳಿಗೆ ತಾಯಿಯ ಹೆಸರೇ ಮನೆತನ. 1982ರ ಕಾಯಿದೆ ಮುತ್ತು ಕಟ್ಟುವುದನ್ನು ಅಪರಾಧ ಮಾಡಿತು. ಆದರೆ ಶಾಲೆಯ ದಾಖಲೆಯಲ್ಲಿ 'ತಂದೆಯ ಹೆಸರು' ಎಂಬ ಸಾಲು ಆ ಕೂಸುಗಳನ್ನು ಬಹಳ ವರ್ಷ ಇರಿಯಿತು.

ಕೇರಿಯ ಹೆಸರು ಕಾಗದಕ್ಕೆ ಬಂದದ್ದು ದುಡಿತದ ಲೆಕ್ಕವಾಗಿ. ವತನದಾರನ ಬೆನ್ನಿಗೆ ಅವನ ಮಗ, ಮೊಮ್ಮಗ, ಎಲ್ಲರೂ ಬಿಟ್ಟಿಗೆ ಬದ್ಧರು. ಮಹಾರ ವತನ ಗುಲಾಮಗಿರಿ ಎಂದು ಅಂಬೇಡ್ಕರರು ಮುಂಬಯಿ ಶಾಸನಸಭೆಯಲ್ಲಿ 1928ರಲ್ಲೇ ಮಸೂದೆ ತಂದರು. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಬಂದದ್ದು 1961ರಲ್ಲಿ. ಅಲ್ಲಿಯೂ ಹೊಲದ ಹಕ್ಕು ಕೇಳಿದವನು ತಾನು ಯಾರ ವಾರಸ ಅಂತ ತೋರಿಸಬೇಕಿತ್ತು. ವಂಶಾವಳಿ ಇಲ್ಲದವನಿಗೆ ಹೊಲವೂ ಜಾರುತ್ತದೆ.

ಅದಕ್ಕೇ ಮಾಸ್ತರರೇ, ಗೆಳೆಯರೇ, ಹುಡುಗರ ಕೈಗೆ ಒಂದು ವಹಿ ಕೊಡಿರಿ. ಮುದುಕಿಯರನ್ನು ಕೇಳಿ ಬರೆಯಲಿ: ಅವ್ವನ ಅವ್ವ ಯಾರು, ಯಾವ ಊರಿಂದ ಬಂದಳು, ಯಾರ ಹೊಲದಾಗ ದುಡಿದಳು. ರಾಜರ ವಂಶ ಬರೆದದ್ದು ಸಾಕು. ದುಡಿದವರ ವಂಶ ಇನ್ನು ಬರೆಯಬೇಕಾಗಿದೆ.