ಡಾಕ್ಟರ್ ಎಂಬ ಬಿರುದು ಯಾರದು?

ಡಾಕ್ಟರ್ ಎಂದರೆ ಲ್ಯಾಟಿನ್ನಿನಲ್ಲಿ ‘ಕಲಿಸುವವನು’. 12ನೇ ಶತಮಾನದ ಇಟಲಿಯ ಬೊಲೊನ್ಯದಲ್ಲಿ ಹಾಗೆ ಕರೆಸಿಕೊಂಡವರು ಕಾನೂನು ಬೋಧಿಸುತ್ತಿದ್ದ ಗುರುಗಳು. ವೈದ್ಯಕೀಯವೂ ವಿಶ್ವವಿದ್ಯಾಲಯದ ವಿದ್ಯೆಯಾದಾಗ ವೈದ್ಯರಿಗೂ ಆ ಬಿರುದು ಸಂದಿತು. ಆದರೆ ಬ್ರಿಟನ್ನಿನ ಶಸ್ತ್ರಚಿಕಿತ್ಸಕರು ಹಿಂದೆ ವಿಶ್ವವಿದ್ಯಾಲಯದಲ್ಲಲ್ಲ, ಇನ್ನೊಬ್ಬರ ಕೈಕೆಳಗೆ ಕಸುಬು ಕಲಿತವರು. ಹಾಗಾಗಿ ಅವರು ಇಂದಿಗೂ ‘ಮಿಸ್ಟರ್’, ‘ಮಿಸ್’ ಎಂದೇ ಕರೆಸಿಕೊಳ್ಳುತ್ತಾರೆ. ನಮ್ಮಲ್ಲಿ ಎಂಬಿಬಿಎಸ್ ಓದಿದವರ ‘ಡಾ.’ ರೂಢಿಯಿಂದ ಬಂದ ಗೌರವ, ಪಿಎಚ್.ಡಿ. ಪಡೆದವರದು ಪದವಿಯೇ ಕೊಟ್ಟ ಹಕ್ಕು. ಇಬ್ಬರೂ ‘ಡಾ.’ ಎಂದು ಬರೆದುಕೊಂಡರೆ ರೋಗಿಗೆ ಗೊಂದಲವಾಗದೇ ಎಂಬ ಆಕ್ಷೇಪ ಸಣ್ಣದಲ್ಲ. ಚಿಕಿತ್ಸೆಯಲ್ಲಿ ಮೋಸವಾದರೆ ಜೀವಕ್ಕೇ ಅಪಾಯ. ಅದಕ್ಕೆ ಮದ್ದು ವಿದ್ವಾಂಸರ ಬಿರುದನ್ನು ಕಸಿಯುವುದಲ್ಲ, ವೈದ್ಯರ ಫಲಕದಲ್ಲಿ ಪದವಿ, ನೋಂದಣಿ ಸಂಖ್ಯೆ ಸ್ಪಷ್ಟವಾಗಿರುವುದು. ಕಾನೂನು ಕಾಯಬೇಕಾದ್ದು ಚಿಕಿತ್ಸೆಯ ಅಧಿಕಾರವನ್ನು. ನಮ್ಮ ‘ವೈದ್ಯ’ ಪದವೂ ವಿದ್ಯೆಯ ಬೇರಿನಿಂದಲೇ ಚಿಗುರಿದ್ದು. ಶ್ರಮಪಟ್ಟು ವಿದ್ಯೆ ಗಳಿಸಿದ ಇಬ್ಬರಿಗೂ ಗೌರವ ಸಲ್ಲಲಿ.