ಪೋಲ್ ವಾಲ್ಟ್: ಕೋಲಿನ ಮುರಿತ, ಅಪಘಾತ ಮತ್ತು ರಕ್ಷಣಾ ನಿಯಮಗಳ ಇತಿಹಾಸ

ನೀಳವಾದ ಕೋಲೊಂದನ್ನು ಹಿಡಿದು ವೇಗದಿಂದ ಓಡಿಬಂದು, ಅದರ ತುದಿಯನ್ನು ನೆಲದಲ್ಲಿ ಹುದುಗಿಸಿದ ಪೆಟ್ಟಿಗೆಯೊಳಕ್ಕೆ ಊರಿ, ಓಟದ ವೇಗವನ್ನೇ ಊರ್ಧ್ವಗತಿಯಾಗಿ ಮಾರ್ಪಡಿಸಿಕೊಂಡು ಅಡ್ಡಪಟ್ಟಿಯನ್ನು ದಾಟುವ ಪೋಲ್ ವಾಲ್ಟ್ ಕ್ರೀಡೆಯಲ್ಲಿ ಪ್ರೇಕ್ಷಕನ ಎದೆಯನ್ನು ನಡುಗಿಸುವುದು ಕೋಲು ಮುರಿಯುವ ಸದ್ದಾದರೂ, ಪ್ರಾಣಹಾನಿಗೂ ಅಂಗವೈಕಲ್ಯಕ್ಕೂ ಹೆಚ್ಚಾಗಿ ಕಾರಣವಾಗಿರುವುದು ಆಟಗಾರನು ಬಂದು ಬೀಳುವ ಸ್ಥಳ. ಆದುದರಿಂದ ಇಲ್ಲಿನ ರಕ್ಷಣಾ ನಿಯಮಗಳ ಇತಿಹಾಸವು ಬಹುಮಟ್ಟಿಗೆ ಆ ಸ್ಥಳವನ್ನು ಹಿಗ್ಗಿಸಿ ಮೃದುಗೊಳಿಸುತ್ತ ಬಂದ ಇತಿಹಾಸವೇ ಆಗಿದೆ. ಅದು ಕೋಲಿನ ಪ್ರಗತಿಗಿಂತ ಯಾವಾಗಲೂ ಹಿಂದುಳಿದೇ ನಡೆಯಿತೆಂಬುದು ಖೇದದ ಸಂಗತಿ.

ಕಾಲುವೆಗಳನ್ನು ಕೋಲೂರಿ ದಾಟುವ ರೂಢಿ ನೆದರ್ಲೆಂಡ್ಸಿನ ಫ್ರೀಸ್‌ಲ್ಯಾಂಡಿನಲ್ಲಿ ಪುರಾತನವಾದುದು. 18ನೆಯ ಶತಮಾನದ ಅಂತ್ಯದಲ್ಲಿ ಜರ್ಮನಿಯ ಗುಟ್ಸ್‌ಮುತ್ಸ್ ಕೋಲುಜಿಗಿತವನ್ನು ವ್ಯಾಯಾಮ ಶಿಕ್ಷಣಕ್ಕೆ ಸೇರಿಸಿದನು. 19ನೆಯ ಶತಮಾನದ ಇಂಗ್ಲೆಂಡಿನ ಅಲ್ವರ್‌ಸ್ಟನ್ ಎಂಬ ಊರಿನವರು ಭಾರವಾದ ಮರದ ಕೋಲಿನ ಬುಡಕ್ಕೆ ಕಬ್ಬಿಣದ ಮೊನೆಗಳನ್ನು ಕೂಡಿಸಿ, ಅದು ನೆಟ್ಟಗೆ ನಿಂತಿರುವ ಅಲ್ಪಕಾಲದಲ್ಲಿ ಕೈಮೇಲೆ ಕೈಯಿಟ್ಟು ಏರುತ್ತಿದ್ದರು. ಕೋಲೇರುವ ಈ ಕ್ರಮ ಕಾಲಾಂತರದಲ್ಲಿ ನಿಷಿದ್ಧವಾಯಿತು. ಕೆಳಗಿನ ಕೈಯನ್ನು ಮೇಲಿನ ಕೈಗಿಂತ ಮೇಲಕ್ಕೆ ಒಯ್ಯಬಾರದೆಂಬ ನಿಯಮ ಇಂದಿಗೂ ಇದೆ. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ವಿಲಿಯಂ ಹಾಯ್ಟ್ ಗೆದ್ದ ಎತ್ತರ 3.30 ಮೀಟರು.

20ನೆಯ ಶತಮಾನದ ಆದಿಯಲ್ಲಿ ಮರದ ಸ್ಥಾನವನ್ನು ಬಿದಿರು ಆಕ್ರಮಿಸಿತು. ಹಗುರವೂ ಟೊಳ್ಳೂ ಆದ ಬಿದಿರಿನಿಂದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ 1942ರಲ್ಲಿ 4.77 ಮೀಟರನ್ನು ದಾಟಿದನು. ಆದರೆ ಬಿದಿರು ಮುರಿಯುವಾಗ ಅಡ್ಡಲಾಗಿ ತುಂಡಾಗದೆ ಉದ್ದಕ್ಕೆ ಸೀಳುವುದರಿಂದ, ಅದರ ಸಿಬಿರು ಭಲ್ಲೆಯ ಮೊನೆಯಷ್ಟೇ ಅಪಾಯಕರ. ಅದಕ್ಕಾಗಿಯೇ ಗೆಣ್ಣುಗಳ ನಡುವೆ ಪಟ್ಟಿ ಸುತ್ತುವ ವಾಡಿಕೆ ಹುಟ್ಟಿತು. ಬೀಳುವ ಜಾಗದಲ್ಲಿದ್ದುದು ಮರಳು, ಇಲ್ಲವೆ ಮರದ ಹೊಟ್ಟು. ಆಟಗಾರನು ಕಾಲುಗಳ ಮೇಲೆಯೇ ಇಳಿಯಬೇಕಾಗಿದ್ದುದರಿಂದ ಕಣಕಾಲು, ಮೊಣಕಾಲುಗಳ ಪೆಟ್ಟು ಸಾಮಾನ್ಯವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಬಿದಿರು ಅಮೆರಿಕಕ್ಕೆ ಬರುವುದು ನಿಂತಮೇಲೆ ಲೋಹದ ಕೋಲುಗಳು ಬಳಕೆಗೆ ಬಂದವು.

ನಿಜವಾದ ಕ್ರಾಂತಿ ಫೈಬರ್ ಗ್ಲಾಸಿನದು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಗ್ರೀಸಿನ ಜಾರ್ಜಿಯೋಸ್ ರೂಬಾನಿಸ್ ಅದರಿಂದ ಕಂಚಿನ ಪದಕ ಪಡೆದನು. 1961ರಲ್ಲಿ ಜಾರ್ಜ್ ಡೇವೀಸ್ 4.83 ಮೀಟರಿನ ವಿಶ್ವದಾಖಲೆ ಸ್ಥಾಪಿಸಿದನು. 1963ರಲ್ಲಿ ಬ್ರಯಾನ್ ಸ್ಟರ್ನ್‌ಬರ್ಗ್ 5 ಮೀಟರನ್ನು ಮುಟ್ಟಿದನು. ಅಷ್ಟು ಎತ್ತರದಿಂದ ಬೆನ್ನಿನ ಮೇಲೆ ಬೀಳುವವನಿಗೆ ಮರಳು ಸಾಲದೆಂದು ಕಂಡುಬಂದು, ಸ್ಪಂಜಿನ ಮೆತ್ತೆಗಳು 1960ರ ದಶಕದಲ್ಲಿ ಹರಡಿದವು. ಮೆತ್ತೆ ಬಂದಿತೆಂಬ ಧೈರ್ಯದಿಂದ ಜಿಗಿತವೂ ಏರಿತು, ಆದರೆ ಮೆತ್ತೆಯ ಅಂಚಿನಾಚೆಯ ನೆಲ ಹಾಗೆಯೇ ಗಟ್ಟಿಯಾಗಿ ಉಳಿಯಿತು.

ಕೋಲು ಮುರಿಯಲು ಕಾರಣಗಳು ಹಲವು. ತನ್ನ ತೂಕಕ್ಕೆ ಸಲ್ಲದ ಮೆದುಕೋಲನ್ನು ಹಿಡಿದು ಅದನ್ನು ಅತಿಯಾಗಿ ಬಾಗಿಸುವುದು ಒಂದು. ಸಾಗಾಟದಲ್ಲಿ ಬಿದ್ದ ಪೆಟ್ಟು, ಶೂವಿನ ಮೊಳೆ ತಾಗಿದ ಗೀರು ಇವು ಇನ್ನೊಂದು. ಕಣ್ಣಿಗೆ ಕ್ಷುಲ್ಲಕವೆನಿಸುವ ಗೀರೇ ಬಾಗಿದ ಕೋಲಿನ ಸಮಸ್ತ ಒತ್ತಡವನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕ್ಯೂಬಾದ ಲಾಸರೋ ಬೋರ್ಹೆಸ್ ಹಿಡಿದ ಕೋಲು ಮೂರು ತುಂಡಾಯಿತು; ಹಿಂದಿನ ವರ್ಷವಷ್ಟೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದಿದ್ದ ಅವನು ಮೆತ್ತೆಯ ಮೇಲೆ ಬಿದ್ದು ಎದ್ದನು. ಕೋಲು ಮುರಿದ ಜಿಗಿತವನ್ನು ವಿಫಲವೆಂದು ಎಣಿಸದೆ ಮತ್ತೊಂದು ಅವಕಾಶ ಕೊಡಬೇಕೆಂಬುದು ಅಂತಾರಾಷ್ಟ್ರೀಯ ನಿಯಮ, ನ್ಯಾಯವೂ ಹೌದು. ಇದಕ್ಕೆ ವ್ಯತಿರಿಕ್ತವಾದ ಗಂಡಾಂತರವೂ ಒಂದುಂಟು: ಕೋಲು ತೀರ ಬಿರುಸಾದರೆ ಅದು ಮುರಿಯುವುದಿಲ್ಲ, ಬದಲಾಗಿ ನೆಟ್ಟಗಾಗುವ ಮೊದಲೇ ನಿಂತು ಆಟಗಾರನನ್ನು ಹಿಂದಕ್ಕೆ, ಪೆಟ್ಟಿಗೆಯ ಕಡೆಗೇ ಕೆಡವುತ್ತದೆ.

ಅಮೆರಿಕದಲ್ಲಿ 1982ರಿಂದ 1998ರವರೆಗೆ ಸಂಭವಿಸಿದ 32 ದಾರುಣ ಅಪಘಾತಗಳನ್ನು ಪರಿಶೀಲಿಸಿದ ವೈದ್ಯಕೀಯ ಅಧ್ಯಯನವೊಂದು, ಅವುಗಳಲ್ಲಿ 16 ಮರಣಾಂತಿಕವಾಗಿದ್ದುವೆಂದೂ, 17ರಲ್ಲಿ ದೇಹ ಮೆತ್ತೆಯ ಅಂಚಿಗೆ ಬಿದ್ದು ತಲೆ ಹೊರಗಿನ ಗಟ್ಟಿನೆಲಕ್ಕೆ ಅಪ್ಪಳಿಸಿತ್ತೆಂದೂ ತೋರಿಸಿತು. ಆದರೂ ನಿಯಮ ಬದಲಾಗಲು ಇನ್ನಷ್ಟು ಪ್ರಾಣಗಳು ಹೋಗಬೇಕಾಯಿತು. 2002ರ ಫೆಬ್ರವರಿಯಲ್ಲಿ ಪೆನ್‌ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಕೆವಿನ್ ಡೇರ್ ಮಿನಿಯಾಪೊಲಿಸ್‌ನಲ್ಲಿ ತಲೆಕೆಳಗಾಗಿ ಪೆಟ್ಟಿಗೆಯೊಳಕ್ಕೆ ಬಿದ್ದು ಅಸುನೀಗಿದನು. ಅದೇ ವರ್ಷ ಶಾಲಾ ಬಾಲಕರಿಬ್ಬರೂ ಈ ಆಟದಲ್ಲಿ ಮಡಿದರು. 2003ರಲ್ಲಿ ಅಲ್ಲಿನ ಮೆತ್ತೆಯ ಕನಿಷ್ಠ ಅಗಲವನ್ನು 16 ಅಡಿಯಿಂದ 19 ಅಡಿ 8 ಅಂಗುಲಕ್ಕೆ ಏರಿಸಲಾಯಿತು. ತರುವಾಯ ಸಾವುಗಳು ಇಳಿದುವಾದರೂ ಪೆಟ್ಟಿಗೆಯ ಸುತ್ತ ಬೀಳುವ ಅಪಘಾತಗಳು ಉಳಿದುಕೊಂಡುದರಿಂದ, 2014-15ರಿಂದ ಶಾಲಾ ಸ್ಪರ್ಧೆಗಳಲ್ಲಿ ಪೆಟ್ಟಿಗೆಗೆ ಮೆತ್ತನೆಯ ಕೊರಳಪಟ್ಟಿ ಕಡ್ಡಾಯವಾಯಿತು. ಆಟಗಾರನ ತೂಕ ಕೋಲಿನ ಮೇಲೆ ನಮೂದಿಸಿದ ತೂಕವನ್ನು ಮೀರಬಾರದೆಂಬ ಕಟ್ಟಳೆಯೂ ಆ ಶಾಲೆಗಳಲ್ಲುಂಟು. ನುರಿತವರಿಗೂ ವಿನಾಯಿತಿಯಿಲ್ಲ: ಆಸ್ಟ್ರಿಯದ ಕೀರಾ ಗ್ರ್ಯೂನ್‌ಬರ್ಗ್ 2015ರ ಜುಲೈಯಲ್ಲಿ ಅಭ್ಯಾಸದ ವೇಳೆ ಬಿದ್ದು ಕತ್ತಿನ ಬೆನ್ನುಹುರಿಗೆ ಆದ ಆಘಾತದಿಂದ ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಯಿತು.

ಅಂತಾರಾಷ್ಟ್ರೀಯ ಮಟ್ಟದ ದೊಡ್ಡ ಕೂಟಗಳಲ್ಲಿ ಮೆತ್ತೆಯು, ಮುಂದಣ ತುಂಡುಗಳನ್ನು ಬಿಟ್ಟು, 6 ಮೀಟರು ಉದ್ದ, 6 ಮೀಟರು ಅಗಲ ಇರತಕ್ಕದ್ದು. ಅಡ್ಡಪಟ್ಟಿಯ ಕಂಬಗಳನ್ನು ಪೆಟ್ಟಿಗೆಯ ಹಿಂದಣ ಅಂಚಿನಿಂದ ಮೆತ್ತೆಯ ಕಡೆಗೆ 80 ಸೆಂಟಿಮೀಟರಿನವರೆಗೆ ಸರಿಸಬಹುದು. ಹಿಂದಕ್ಕೆ ಸರಿಸಿದಷ್ಟೂ ಆಟಗಾರನು ಮೆತ್ತೆಯ ಮಧ್ಯಭಾಗಕ್ಕೆ ಬೀಳುವನು. ಆದರೆ ಕೋಲು ಯಾವ ದ್ರವ್ಯದ್ದಾದರೂ ಎಷ್ಟು ಉದ್ದದ್ದಾದರೂ ಆಗಬಹುದೆಂದು ಅದೇ ನಿಯಮಾವಳಿ ಬಿಟ್ಟುಕೊಟ್ಟಿದೆ. ಶಿರಸ್ತ್ರಾಣದ ವಿಷಯದಲ್ಲಿ ಒಮ್ಮತವಿಲ್ಲ: ಅದು ತಲೆಬುರುಡೆಯನ್ನು ಕಾಯಬಹುದು, ಕತ್ತನ್ನಲ್ಲ.

ಇನ್ನು ನಮ್ಮ ಸೀಮೆಗೆ ಬಂದರೆ, ಉಡುಪಿಯ ಕರಾವಳಿಯಲ್ಲಿ ಈ ಆಟಕ್ಕೆ ಬೇಕಾದ ಸಿಂಥೆಟಿಕ್ ಪಥ ಅಜ್ಜರಕಾಡಿನ ಮಹಾತ್ಮ ಗಾಂಧಿ ಜಿಲ್ಲಾ ಕ್ರೀಡಾಂಗಣದಲ್ಲಿದೆ. ಕಾರ್ಕಳಕ್ಕೆ ಸಮೀಪದ ಮೂಡುಬಿದಿರೆಯಲ್ಲಿ 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ಜರುಗಿತು. ಕಾರ್ಕಳದ ಕಡೆಯ ತೋಟಗಳಲ್ಲಿ ಅಡಿಕೆ ಕೊಯ್ಯಲು ಈಚೆಗೆ ಬಂದಿರುವ ಕಾರ್ಬನ್ ಫೈಬರಿನ ದೋಟಿಯನ್ನು ಕಂಡವರಿಗೆ, ನಾರನ್ನು ಅಂಟಿನಲ್ಲಿ ಕೂಡಿಸಿ ಟೊಳ್ಳಾಗಿ ಎರಕಗೊಳಿಸಿದ ಕೋಲಿನ ಲಾಘವವನ್ನು ವಿವರಿಸಬೇಕಾಗಿಲ್ಲ. ಆದರೆ ದೋಟಿಯಾಗಲಿ, ಮನೆಯ ಬಿದಿರಿನ ಗಳವಾಗಲಿ ಜಿಗಿತದ ಕೋಲಾಗಲಾರದೆಂಬುದನ್ನು ಹಳ್ಳಿಯ ಶಾಲೆಗಳ ಮಕ್ಕಳಿಗೆ ಸ್ಪಷ್ಟವಾಗಿ ತಿಳಿಸಬೇಕು. ಇಲ್ಲಿನ ಹವೆಯೂ ಗಣನೀಯ. ಕಾಪುವಿನಂಥ ಕಡಲತಡಿಯ ಊರುಗಳಲ್ಲಿ ಅಪರಾಹ್ನ ಪಡುವಣದಿಂದ ಬೀಸುವ ಗಾಳಿ ಓಟಕ್ಕೆ ಎದುರಾದರೆ ಕೋಲು ನೆಟ್ಟಗಾಗುವುದೇ ಕಷ್ಟ. ಉಪ್ಪುಗಾಳಿಗೆ ಕಂಬ, ಪೆಟ್ಟಿಗೆಗಳ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬೆವರಿದ ಅಂಗೈ ಜಾರುತ್ತದೆ. ಕತ್ತಿಗೆ ಪೆಟ್ಟಾದವನನ್ನು ಕೈಕಾಲು ಹಿಡಿದು ಎತ್ತದೆ, ತಲೆ, ಕತ್ತುಗಳನ್ನು ಅಲುಗದಂತೆ ಹಿಡಿದು ಹಲಗೆಯ ಮೇಲೆ ಸಾಗಿಸುವುದು ಅತ್ಯಗತ್ಯ; ಅಂಥ ಚಿಕಿತ್ಸೆಗೆ ಸಜ್ಜಾದ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಅಜ್ಜರಕಾಡಿಗೆ ಹತ್ತಿರದಲ್ಲಿಯೇ ಇರುವುದು ಈ ಸೀಮೆಯ ಭಾಗ್ಯ. ಮಳೆಗಾಲದ ನಾಲ್ಕು ತಿಂಗಳು ಬಯಲಲ್ಲಿ ನೆನೆದ ಸ್ಪಂಜು ಭಾರವಾಗಿ, ಒಳಗೊಳಗೆ ಕೊಳೆತು, ಹೊರಗೆ ಯಾವ ಲಕ್ಷಣವನ್ನೂ ತೋರದೆ ತನ್ನ ಮೃದುತ್ವವನ್ನು ಕಳೆದುಕೊಳ್ಳುವುದರಿಂದ, ಮೆತ್ತೆಯನ್ನು ನೆಲದಿಂದ ಎತ್ತರಿಸಿದ ಹಲಗೆಯ ಜಾಲರಿಯ ಮೇಲೆ ಹೊದಿಕೆಯಡಿ ಇರಿಸಿ, ಋತುವಿನ ಮೊದಲ ಅಭ್ಯಾಸಕ್ಕೆ ಮುನ್ನ ಅಂಚಿನಿಂದ ಅಂಚಿಗೆ ಒತ್ತಿ ಪರೀಕ್ಷಿಸತಕ್ಕದ್ದು.