ಗರ್ಭನಿರೋಧಕ ವಿಧಾನಗಳು: ಯಾವುದು ಯಾರಿಗೆ ಸೂಕ್ತ?

ಮಕ್ಕಳು ಸಾಕೆಂದು ತೀರ್ಮಾನಿಸಿದ ಮನೆಗಳಲ್ಲಿ ಆಪರೇಷನ್ನಿಗೆ ಹೋಗುವವಳು ಸಾಮಾನ್ಯವಾಗಿ ಹೆಂಡತಿಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದ ವಿವಾಹಿತೆಯರಲ್ಲಿ ಸುಮಾರು ಶೇ. 38ರಷ್ಟು ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡಂದಿರ ಪಾಲು ಶೇ. 0.3 ಮಾತ್ರ. ಆಪರೇಷನ್ನಿಗೆ ಮೊದಲು ಉಳಿದ ವಿಧಾನಗಳನ್ನೂ ತಿಳಿದಿರುವುದು ಒಳ್ಳೆಯದು.

ನಿರೋಧ್: ಎಚ್‌ಐವಿ ಹಾಗೂ ಲೈಂಗಿಕ ರೋಗಗಳಿಂದಲೂ ರಕ್ಷಣೆ ಕೊಡುವುದು ಕಾಂಡೋಮ್ ಮಾತ್ರ. ಆದರೆ ಪ್ರತಿ ಸಲವೂ ಬಳಸಬೇಕು. ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 13 ಮಂದಿಗೆ ಗರ್ಭ ನಿಲ್ಲುತ್ತದೆ.

ಮಾಲಾ-ಎನ್ ಮಾತ್ರೆ: ದಿನವೂ ತಪ್ಪದೆ ನುಂಗಬೇಕು. ಮರೆವಿನಿಂದಾಗಿ ನೂರರಲ್ಲಿ ಸುಮಾರು 7 ಮಂದಿಗೆ ವಿಫಲವಾಗುತ್ತದೆ. ರಕ್ತದೊತ್ತಡ ಇರುವವರಿಗೆ, ಆರು ತಿಂಗಳೊಳಗಿನ ಮಗುವಿಗೆ ಹಾಲೂಡಿಸುವವರಿಗೆ ಇದು ಬೇಡ.

ಛಾಯಾ ಮಾತ್ರೆ: ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಕೊಡುಗೆ. ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಬಳಿಕ ವಾರಕ್ಕೊಂದು. ಹಾಲೂಡಿಸುವ ತಾಯಂದಿರೂ ಸೇವಿಸಬಹುದು.

ಅಂತರಾ ಚುಚ್ಚುಮದ್ದು: ಮೂರು ತಿಂಗಳಿಗೊಮ್ಮೆ. ಮುಟ್ಟು ಏರುಪೇರಾಗಬಹುದು. ನಿಲ್ಲಿಸಿದ ಮೇಲೆ ಮತ್ತೆ ಗರ್ಭ ಧರಿಸಲು ಕೆಲವು ತಿಂಗಳು ತಡವಾಗುತ್ತದೆ.

ಕಾಪರ್-ಟಿ (ವಂಕಿ): 380ಎ ಮಾದರಿ 10 ವರ್ಷ ಬಾಳುತ್ತದೆ. ವಿಫಲವಾಗುವುದು ನೂರರಲ್ಲಿ ಒಂದಕ್ಕಿಂತ ಕಡಿಮೆ. ತೆಗೆಸಿದರೆ ಬೇಗನೆ ಗರ್ಭ ಧರಿಸಬಹುದು. ಆರಂಭದ ತಿಂಗಳುಗಳಲ್ಲಿ ಸ್ರಾವ, ಹೊಟ್ಟೆನೋವು ಹೆಚ್ಚಬಹುದು.

ಸಂತಾನಹರಣ: ಇಬ್ಬರಿಗೂ ಇದು ಶಾಶ್ವತ ವಿಧಾನವೆಂದೇ ತಿಳಿಯಬೇಕು. ಹೆಂಗಸರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಬೇಕು. ಗಂಡಸರದು ಕತ್ತಿ, ಹೊಲಿಗೆ ಇಲ್ಲದ ಸಣ್ಣ ಚಿಕಿತ್ಸೆ. ಅದೇ ದಿನ ಮನೆಗೆ ಹೋಗಬಹುದು, ಅಪಾಯವೂ ಕಡಿಮೆ. ಆದರೆ ಮೂರು ತಿಂಗಳ ನಂತರದ ವೀರ್ಯ ಪರೀಕ್ಷೆಯವರೆಗೆ ಬೇರೆ ವಿಧಾನ ಅನುಸರಿಸಲೇಬೇಕು. ಪುರುಷತ್ವಕ್ಕಾಗಲೀ ದುಡಿಯುವ ಶಕ್ತಿಗಾಗಲೀ ಕುಂದಿಲ್ಲ.

ಗಂಡಸರು ಹಿಂದೆ ಇಷ್ಟು ಹಿಂಜರಿಯುತ್ತಿರಲಿಲ್ಲ. 1971ರಲ್ಲಿ ಕೇರಳದ ಎರ್ನಾಕುಳಂನ ಒಂದೇ ಶಿಬಿರದಲ್ಲಿ 60 ಸಾವಿರಕ್ಕೂ ಹೆಚ್ಚು ಗಂಡಸರು ಈ ಚಿಕಿತ್ಸೆ ಮಾಡಿಸಿಕೊಂಡಿದ್ದರು. ತುರ್ತು ಪರಿಸ್ಥಿತಿಯ (1975-77) ಬಲವಂತದ ಆಪರೇಷನ್‌ಗಳು ಜನರಲ್ಲಿ ಭಯ ಬಿತ್ತಿದವು.

72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆ ಆಪತ್ತಿಗೆ ಮಾತ್ರ, ನಿತ್ಯದ ಬಳಕೆಗಲ್ಲ.

ಇವೆಲ್ಲ ಕೇಂದ್ರ ಕಾರ್ಯಕ್ರಮದಲ್ಲಿರುವುದರಿಂದ ಗಡಿಯ ಯಾವ ಕಡೆಯವರಿಗೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆಶಾ ಕಾರ್ಯಕರ್ತೆಯರನ್ನೋ ವೈದ್ಯರನ್ನೋ ಗಂಡ ಹೆಂಡತಿ ಒಟ್ಟಿಗೇ ಹೋಗಿ ವಿಚಾರಿಸಿ, ತಮ್ಮ ಆರೋಗ್ಯಕ್ಕೆ ಹೊಂದುವುದನ್ನು ಆರಿಸಿಕೊಳ್ಳುವುದು ಸೂಕ್ತ.